ಸ್ಪೋರ್ಟ್ಸ್ ಕಾರಿಗೆ ತಾತ್ಕಾಲಿಕ ಸ್ಟೆಪ್ನಿ: ಯಾವ ಅಳತೆ ಸರಿಹೊಂದೀತು?

ದೂರದಾರಿ (ಪ್ರಶ್ನೆ):

ನನ್ನದು ಎರಡು ಬಾಗಿಲಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರು. ತಯಾರಕರು ಇದಕ್ಕೆ ಸ್ಟೆಪ್ನಿಯನ್ನೇ ಕೊಟ್ಟಿಲ್ಲ. ಡಿಕ್ಕಿಯ ಹಾಸಿನ ಕೆಳಗೆ ತೂತು ಮುಚ್ಚುವ ಸೀಲಂಟ್ ದ್ರವದ ಒಂದು ಬಾಟಲಿಯೂ ಒಂದು ಪುಟ್ಟ ಕಂಪ್ರೆಸರೂ ಇವೆ, ಅಷ್ಟೆ. ಟ್ರೆಡ್‌ಗೆ, ಅಂದರೆ ಟೈರ್ ನೆಲಕ್ಕೆ ತಾಗುವ ಭಾಗಕ್ಕೆ, ಮೊಳೆ ಚುಚ್ಚಿದರೆ ಇವು ಸಾಕು ಎಂಬುದು ನನಗೂ ಗೊತ್ತು. ಆದರೆ ಈ ಕಾರಿನ ಟೈರುಗಳ ಪಕ್ಕದ ಗೋಡೆ ಬಹಳ ತೆಳ್ಳಗಿನದು, ಹೊಂಡಕ್ಕೆ ಬಿದ್ದಾಗ ಸೀಳುವುದು ಹೆಚ್ಚಾಗಿ ಆ ಗೋಡೆಯೇ. ಅಂಥ ಸೀಳಿಗೆ ಸೀಲಂಟ್ ಏನೂ ಮಾಡದು. ದೂರದ ಪ್ರಯಾಣಗಳಲ್ಲಾದರೂ ಒಂದು ತಾತ್ಕಾಲಿಕ ಸ್ಟೆಪ್ನಿಯನ್ನು ಜೊತೆಗಿಟ್ಟುಕೊಳ್ಳಬೇಕೆಂದಿದ್ದೇನೆ.

ಕಾರಿನ ವಿವರ ಹೀಗಿದೆ. ಮುಂದೆ 245/40 ಆರ್ 18, ಹಿಂದೆ 275/35 ಆರ್ 18 ಟೈರುಗಳು (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್‌ನ ವ್ಯಾಸ). ಚಕ್ರ ಬಿಗಿಯಲು ಐದು ಸ್ಟಡ್‌ಗಳು, ಪಿಸಿಡಿ (ಆ ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ) 114.3 ಮಿ.ಮೀ., ಹಬ್‌ನ ವ್ಯಾಸ 66.1 ಮಿ.ಮೀ. ಮುಂದಿನ ಬ್ರೇಕ್ ಡಿಸ್ಕ್ 355 ಮಿ.ಮೀ. ಇದ್ದು, ಅದಕ್ಕೆ ನಾಲ್ಕು ಪಿಸ್ಟನ್‌ಗಳ ದಪ್ಪನೆಯ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಇದೆ. ಹಿಂದಿನ ಡಿಸ್ಕೂ ಕ್ಯಾಲಿಪರೂ ಅದಕ್ಕಿಂತ ಚಿಕ್ಕವು. ಹಿಂದಿನ ಆಕ್ಸಲ್‌ನಲ್ಲಿ ಕ್ಲಚ್ ಪ್ಲೇಟುಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ; ಎಡ ಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗುವುದಕ್ಕೆ ಅದು ಒಂದು ಮಿತಿ ಹಾಕುತ್ತದೆ.

ಹಳೆಯ ಕಾರುಗಳಿಂದ ಬಿಚ್ಚಿದ ಎರಡು ತಾತ್ಕಾಲಿಕ ಚಕ್ರಗಳು ಸದ್ಯ ನನ್ನ ಕಣ್ಣಿಗೆ ಬಿದ್ದಿವೆ. ಒಂದು 125/70 ಆರ್ 17, ಇನ್ನೊಂದು 135/80 ಆರ್ 17; ಎರಡರದೂ ಪಿಸಿಡಿ ನನ್ನ ಕಾರಿನದೇ. ಇವುಗಳಲ್ಲಿ ಯಾವುದನ್ನು ಆರಿಸಬಹುದು? ಹಿಂದಿನ ಟೈರ್ ಪಂಕ್ಚರಾದರೆ ಇಷ್ಟು ಸಣಕಲು ಚಕ್ರವನ್ನು ಹಿಂದಕ್ಕೆ ಹಾಕುವುದು ಸರಿಯೇ?


ಹಳೇ ಗ್ಯಾರೇಜು:

ಬೋಲ್ಟ್‌ಗಳ ಅಂತರ ಹೊಂದಿತೆಂದರೆ ಚಕ್ರವೂ ಹೊಂದಿತು ಎಂದುಕೊಳ್ಳುವವರೇ ಹೆಚ್ಚು. ನಿಮ್ಮಂಥ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಪಿಸಿಡಿಯನ್ನೂ ಅಲ್ಲ, ಟೈರನ್ನೂ ಅಲ್ಲ. ಮುಂದಿನ ಕ್ಯಾಲಿಪರ್ ಅನ್ನು. ಸ್ಟೆಪ್ನಿ ಅದರ ಮೇಲೆ ಕೂರದಿದ್ದರೆ ಉಳಿದ ಲೆಕ್ಕಗಳೆಲ್ಲ ವ್ಯರ್ಥ.

17 ಇಂಚಿನ ಅಗಲವಾದ ಅಲಾಯ್ ಚಕ್ರ ಹಿಡಿಸುವ ಜಾಗದಲ್ಲಿ 17 ಇಂಚಿನ ತಾತ್ಕಾಲಿಕ ಚಕ್ರವೂ ಹಿಡಿಸುತ್ತದೆ ಎಂಬ ಭರವಸೆಯಿಲ್ಲ. ಟೈರನ್ನು ಏರಿಸಲು ಅನುಕೂಲವಾಗಲೆಂದು ಪ್ರತಿ ರಿಮ್‌ನಲ್ಲೂ ಸುತ್ತಲೂ ಒಂದು ತಗ್ಗು ಇರುತ್ತದೆ. ಎಂಟು ಒಂಬತ್ತು ಇಂಚು ಅಗಲದ ರಿಮ್‌ನಲ್ಲಿ ಆ ತಗ್ಗನ್ನು ಒಂದು ಪಕ್ಕಕ್ಕೆ ಸರಿಸಿ, ಕ್ಯಾಲಿಪರ್ ಬರುವಲ್ಲಿ ಜಾಗ ಬಿಟ್ಟಿರುತ್ತಾರೆ. ತಾತ್ಕಾಲಿಕ ಚಕ್ರದ ರಿಮ್ ಸಾಮಾನ್ಯವಾಗಿ ನಾಲ್ಕು ಇಂಚು ಅಗಲ. ಅದರ ಬಹುಪಾಲನ್ನು ಆ ತಗ್ಗೇ ನುಂಗಿಬಿಡುವುದರಿಂದ ತಗ್ಗಿನ ಒಳಮೈ ನೇರವಾಗಿ ಕ್ಯಾಲಿಪರ್‌ನ ಬೆನ್ನಿನ ಮೇಲೆ ಬಂದು ನಿಲ್ಲುತ್ತದೆ.

ನಿಮ್ಮ ಅಂಕಿಗಳಲ್ಲೇ ನೋಡೋಣ. 17 ಇಂಚಿನ ರಿಮ್‌ನಲ್ಲಿ ಟೈರಿನ ಅಂಚು ಕೂರುವ ಸ್ಥಳದ ವ್ಯಾಸ ಸುಮಾರು 432 ಮಿ.ಮೀ. ತಗ್ಗಿನ ಆಳಕ್ಕೂ ತಗಡಿನ ದಪ್ಪಕ್ಕೂ ಎರಡೂ ಕಡೆ ಸೇರಿ ನಲವತ್ತಕ್ಕಿಂತ ಹೆಚ್ಚು ಮಿ.ಮೀ. ಕಳೆದರೆ ಒಳಗೆ ಸುಮಾರು 385 ರಿಂದ 390 ಮಿ.ಮೀ. ಉಳಿಯುತ್ತದೆ. ಈಗ 355 ಮಿ.ಮೀ. ಡಿಸ್ಕ್‌ನ ಅಂಚಿನಿಂದ ಕ್ಯಾಲಿಪರ್ ಬರೀ 20 ಮಿ.ಮೀ. ಮೇಲೆದ್ದಿದೆ ಎಂದುಕೊಂಡರೂ, ಚಕ್ರ ಅದಕ್ಕೆ ತಗುಲದೆ ಕೂರಲು ಬೇಕಾದ ವೃತ್ತದ ವ್ಯಾಸ 395 ಮಿ.ಮೀ. ಆಗುತ್ತದೆ. ಆದ್ದರಿಂದ ನೀವು ಹೇಳಿದ ಎರಡು ಚಕ್ರಗಳೂ ಮುಂದೆ ಕೂರುವುದು ಬಹುತೇಕ ಅಸಾಧ್ಯ. ಹಿಂದೆ ಕೂರಬಹುದು, ಆದರೆ ಪಂಕ್ಚರ್ ನಿಮ್ಮನ್ನು ಕೇಳಿಕೊಂಡು ಆಗುವುದಿಲ್ಲವಲ್ಲ. 18 ಇಂಚಿನದನ್ನು ಹುಡುಕಿರಿ.

ಕೊಳ್ಳುವ ಮೊದಲು ಕ್ಯಾಲಿಪರ್‌ನ ಹೊರರೇಖೆಯನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಕೊಂಡು, ಹಬ್‌ಗೆ ತಾಗುವ ಮುಖವನ್ನು ಆಧಾರವಾಗಿಟ್ಟು ಚಕ್ರದೊಳಗೆ ತಿರುಗಿಸಿ ನೋಡಿರಿ. ರಟ್ಟಿಗೂ ಲೋಹಕ್ಕೂ ನಡುವೆ ಎಲ್ಲೆಡೆ ಮೂರು ಮಿ.ಮೀ. ಆದರೂ ಸಂದು ಉಳಿಯಬೇಕು. ರಿಮ್‌ನ ಒಳಮೈಯನ್ನಷ್ಟೇ ನೋಡಿದರೆ ಸಾಲದು, ಚಕ್ರದ ಮುಖಕ್ಕೂ ಕ್ಯಾಲಿಪರ್‌ನ ಹೊರಬದಿಗೂ ಇರುವ ಸಂದನ್ನೂ ನೋಡಬೇಕು. ಹಲವು ಚಕ್ರಗಳು ಸೋಲುವುದು ಅಲ್ಲಿಯೇ.


ಲೆಕ್ಕಿಗ:

ಮೇಲಿನವರು ಬ್ರೇಕಿನ ಮಾತು ಹೇಳಿದ್ದಾರೆ. ನಾನು ವ್ಯಾಸದ ಮಾತು ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಟೈರಿನ ಅಗಲವನ್ನು ಶೇಕಡಾವಾರು ಎತ್ತರದಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್‌ನ ವ್ಯಾಸಕ್ಕೆ ಕೂಡಿಸಿದರೆ ಇಡೀ ಚಕ್ರದ ವ್ಯಾಸ ಸಿಗುತ್ತದೆ. ಈ ಪ್ರಕಾರ ನಿಮ್ಮ ಮುಂದಿನ ಚಕ್ರ 653.2 ಮಿ.ಮೀ., ಹಿಂದಿನದು 649.7 ಮಿ.ಮೀ. 125/70 ಆರ್ 17 ಚಕ್ರ ಕೇವಲ 606.8 ಮಿ.ಮೀ., ಅಂದರೆ ಹಿಂದಿನದಕ್ಕಿಂತ ಶೇಕಡಾ 6.6ರಷ್ಟು ಚಿಕ್ಕದು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ನಿಮ್ಮ ಹಿಂದಿನ ಚಕ್ರ ಸುಮಾರು 490 ಸುತ್ತು ತಿರುಗಿದರೆ ಇದು 525 ಸುತ್ತು ತಿರುಗುತ್ತದೆ. ಆ ಮೂವತ್ತೈದು ಸುತ್ತುಗಳ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನುಂಗಬೇಕು. ಸಾಮಾನ್ಯ ಡಿಫರೆನ್ಷಿಯಲ್‌ಗೆ ಸ್ವಲ್ಪ ದೂರದವರೆಗೆ ಅದು ದೊಡ್ಡ ಹೊರೆಯಲ್ಲ. ಕ್ಲಚ್ ಪ್ಲೇಟುಗಳಿರುವ ನಿಮ್ಮದರಲ್ಲಿ ಮಾತ್ರ ರಸ್ತೆ ನೇರವಾಗಿದ್ದರೂ ಕಾರು ತಿರುವಿನಲ್ಲಿದೆಯೇನೋ ಎಂಬಂತೆ ಪ್ಲೇಟುಗಳು ಎಡೆಬಿಡದೆ ಒಂದಕ್ಕೊಂದು ಉಜ್ಜಿ ಆಯಿಲ್ ಕಾಯುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರುಗಳಲ್ಲಿ ಇದೇ ತೊಂದರೆ ಮುಂದಿನ ಹಿಂದಿನ ಆಕ್ಸಲ್‌ಗಳನ್ನು ಜೋಡಿಸುವ ನಡುವಿನ ಕಪ್ಲಿಂಗ್‌ಗೂ ತಟ್ಟುತ್ತದೆ, ಅಲ್ಲಿ ದುರಸ್ತಿ ಇನ್ನೂ ಕಷ್ಟ.

135/80 ಆರ್ 17ರ ವ್ಯಾಸ 647.8 ಮಿ.ಮೀ. ಹಿಂದಿನ ಚಕ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಶೇಕಡಾ 0.3 ಮಾತ್ರ, ಅದನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ವ್ಯಾಸ ಹೀಗೆ ಹೊಂದಿದರೂ ಅದು ಮುಂದೆ ಕೂರದು ಎಂಬುದೇ ಅದರ ದೋಷ. 18 ಇಂಚಿನಲ್ಲಿ 125/70 ಸಿಕ್ಕರೆ ವ್ಯಾಸ 632.2 ಮಿ.ಮೀ.; ಹಿಂದೆ ಹಾಕಿದರೆ ಶೇಕಡಾ 2.7ರ ಕೊರತೆ. ಹೊಸ ಟೈರಿಗೂ ಪೂರ್ತಿ ಸವೆದ ಟೈರಿಗೂ ನಡುವೆಯೇ ವ್ಯಾಸದಲ್ಲಿ ಹನ್ನೆರಡು ಮಿ.ಮೀ. ಹತ್ತಿರದ ಅಂತರ ಇರುತ್ತದೆ ಎಂಬುದನ್ನು ನೆನೆದರೆ ಇದು ಭೀಕರವೇನಲ್ಲ, ಆದರೂ ನಾನಾದರೆ ಒಪ್ಪುವುದಿಲ್ಲ. 155/60 ಆರ್ 18 ದೊರೆತರೆ ವ್ಯಾಸ 643.2 ಮಿ.ಮೀ., ಹಿಂದಿನದಕ್ಕಿಂತ ಶೇಕಡಾ 1ರಷ್ಟು, ಮುಂದಿನದಕ್ಕಿಂತ ಶೇಕಡಾ 1.5ರಷ್ಟು ಚಿಕ್ಕದು. ಯಾವ ಮೂಲೆಗಾದರೂ ಹಾಕಬಹುದು. ನನ್ನ ಮತ ಇದಕ್ಕೆ.

ಹೊಂದುವ ಚಕ್ರ ಸಿಗದೆ ಚಿಕ್ಕದನ್ನೇ ಒಯ್ಯಬೇಕಾಗಿ ಬಂದರೆ, ಶಕ್ತಿ ಹೋಗುವ ಆಕ್ಸಲ್‌ಗೆ ಅದನ್ನು ಹಾಕಬೇಡಿರಿ. ಹಿಂದಿನ ಟೈರ್ ಹೋದಾಗ ಮುಂದಿನ ಒಳ್ಳೆಯ ಚಕ್ರವನ್ನು ಹಿಂದಕ್ಕೆ ತಂದು, ಸ್ಟೆಪ್ನಿಯನ್ನು ಮುಂದೆ ಹಾಕುವುದು ವಾಡಿಕೆ. ನಿಮ್ಮ ಮುಂದಿನ ಮತ್ತು ಹಿಂದಿನ ವ್ಯಾಸಗಳು ಹತ್ತಿರವಿರುವುದರಿಂದ ಅದು ಸಾಧ್ಯ. ಎರಡು ಸಲ ಜಾಕ್ ಹಾಕುವ ಶ್ರಮ ಹೇಗೂ ಇದ್ದದ್ದೇ. ಅದಕ್ಕಿಂತ ಮುಖ್ಯವಾಗಿ, ಬ್ರೇಕ್ ಒತ್ತಿದಾಗ ಭಾರ ಬೀಳುವುದು ಮುಂದಿನ ಚಕ್ರಗಳ ಮೇಲೆ. ಅಲ್ಲಿ ಒಂದು ಕಡೆ 245ರ ಟೈರ್, ಇನ್ನೊಂದು ಕಡೆ 125ರ ಟೈರ್ ಇದ್ದರೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯುವುದನ್ನು ನಿರೀಕ್ಷಿಸಿಯೇ ಓಡಿಸಬೇಕು.


ಹಗುರ ಪಯಣಿಗ:

ಲೆಕ್ಕಗಳನ್ನು ಒಪ್ಪಿದೆ. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಸ್ಟೆಪ್ನಿ ಹಾಕಿದ ಮೇಲೆ ಬಿಚ್ಚಿದ ಚಕ್ರವನ್ನು ಎಲ್ಲಿಡುತ್ತೀರಿ? ಹಿಂದಿನ ಚಕ್ರ 275 ಮಿ.ಮೀ. ಅಗಲ, 650 ಮಿ.ಮೀ. ಎತ್ತರ, ಎರಡು ಬಾಗಿಲಿನ ಕಾರಿನ ಡಿಕ್ಕಿಯಲ್ಲಿ ಅದು ಹಿಡಿಸದೆ, ಪಕ್ಕದ ಸೀಟಿನಲ್ಲಿ ಕೂರುವವರನ್ನು ರಸ್ತೆಬದಿಯಲ್ಲಿ ಬಿಟ್ಟು ಹೋಗಬೇಕಾದೀತು. ತಯಾರಕರು ಸ್ಟೆಪ್ನಿಯನ್ನು ಕೈಬಿಟ್ಟದ್ದು ತೂಕ ಉಳಿಸಲು ಮಾತ್ರವಲ್ಲ, ಜಾಗವಿಲ್ಲದ್ದರಿಂದ ಕೂಡ. ಪೋರ್ಷೆ 911ರಂಥ ಕಾರುಗಳಲ್ಲಿ ಮೊದಲೆಲ್ಲ ಗಾಳಿಯಿಲ್ಲದೆ ಕುಗ್ಗಿಕೊಂಡಿರುವ ತಾತ್ಕಾಲಿಕ ಟೈರನ್ನೂ ಅದಕ್ಕೆ ಗಾಳಿ ತುಂಬುವ ವಿದ್ಯುತ್ ಕಂಪ್ರೆಸರನ್ನೂ ಕೊಡುತ್ತಿದ್ದುದು ಇದೇ ಇಕ್ಕಟ್ಟಿಗಾಗಿ.

ದಿನನಿತ್ಯದ ಓಡಾಟಕ್ಕೆ ಸೀಲಂಟೇ ಸಾಕು ಎನ್ನುವವನು ನಾನು. ಟ್ರೆಡ್‌ನಲ್ಲಿ ಸುಮಾರು ಆರು ಮಿ.ಮೀ. ವರೆಗಿನ ತೂತನ್ನು ಅದು ಮುಚ್ಚುತ್ತದೆ. ಬಾಟಲಿಯ ಮೇಲಿನ ಅವಧಿಯನ್ನು ನೋಡಿಕೊಳ್ಳಬೇಕು. ಅವಧಿ ಮುಗಿದ ದ್ರವ ಒಳಗೆ ಗಟ್ಟಿಯಾಗಿರುತ್ತದೆ. ದೂರದ ಪ್ರಯಾಣಕ್ಕೆಂದೇ ಸ್ಟೆಪ್ನಿ ಒಯ್ಯುವುದಾದರೆ ನನ್ನ ತಕರಾರಿಲ್ಲ, ಆದರೆ ಅದನ್ನು ಡಿಕ್ಕಿಯಲ್ಲಿ ಸುಮ್ಮನೆ ಮಲಗಿಸಬೇಡಿರಿ. ಹದಿನೈದು ಕಿಲೋ ಆಸುಪಾಸಿನ ಕಬ್ಬಿಣ, ಸೀಟುಗಳ ಹಿಂದೆ ಗಟ್ಟಿ ಗೋಡೆಯಿಲ್ಲದ ಕಾರಿನಲ್ಲಿ, ಅಪಘಾತದ ಗಳಿಗೆಯಲ್ಲಿ ನೇರವಾಗಿ ಬೆನ್ನಿಗೆ ಬರುತ್ತದೆ. ಕಾರಿನ ಚೌಕಟ್ಟಿಗೆ ಸೇರಿದ ಕೊಂಡಿಗಳಿಗೆ ಪಟ್ಟಿ ಹಾಕಿ ಬಿಗಿಯಿರಿ.


ದೂರದಾರಿ:

ಎಲ್ಲರಿಗೂ ಧನ್ಯವಾದಗಳು. ಲೆಕ್ಕಿಗರು ಹೇಳಿದ 155/60 ಆರ್ 18 ಅಳತೆಯ ಚಕ್ರವೊಂದು ಸಿಕ್ಕಿದೆ. ರಟ್ಟಿನ ಅಚ್ಚು ಹಿಡಿದು ನೋಡಿದೆ, ಮುಂದಿನ ಕ್ಯಾಲಿಪರ್‌ಗೆ ಎಲ್ಲೆಡೆ ಸಾಕಷ್ಟು ಸಂದು ಉಳಿಯುತ್ತದೆ. ಪಿಸಿಡಿ ಅದೇ 114.3, ಆದರೆ ನಡುವಿನ ತೂತು 70.5 ಮಿ.ಮೀ.; ನನ್ನ ಹಬ್ 66.1. ಇದು ತೊಡಕಾಗುತ್ತದೆಯೇ? ಬಿಚ್ಚಿದ ಚಕ್ರದ ವಿಷಯಕ್ಕೆ ಬಂದರೆ, ಡಿಕ್ಕಿಯ ಹಾಸನ್ನು ತೆಗೆದರೆ ಅದು ಓರೆಯಾಗಿ ಹಿಡಿಸುತ್ತದೆ, ಮುಚ್ಚಳವೂ ಹಾಕಿಕೊಳ್ಳುತ್ತದೆ. ಸಾಮಾನು ಮಾತ್ರ ಸೀಟಿಗೆ ಬರಬೇಕು.


ನಟ್ಟು-ಬೋಲ್ಟು:

ತೂತು ದೊಡ್ಡದಿದ್ದರೆ ತೊಡಕಿಲ್ಲ, ಚಿಕ್ಕದಿದ್ದರೆ ಮಾತ್ರ ಚಕ್ರ ಕೂರುವುದಿಲ್ಲ. 114.3ರ ಪಿಸಿಡಿ ಇರುವ ಕಾರುಗಳಲ್ಲೇ ಹಬ್‌ಗಳು ಬೇರೆಬೇರೆ: ಟೊಯೊಟಾ ಕಾರುಗಳಲ್ಲಿ ಸಾಮಾನ್ಯವಾಗಿ 60.1, ಹೋಂಡಾದಲ್ಲಿ 64.1, ನಿಸಾನ್‌ನಲ್ಲಿ 66.1, ಫೋರ್ಡ್ ಮಸ್ಟಾಂಗ್‌ನಲ್ಲಿ 70.5. ಹೊರಗೆ 70.5, ಒಳಗೆ 66.1 ಇರುವ ಹಬ್ ರಿಂಗ್ ಹಾಕಿದರೆ ಚಕ್ರ ನಡುವಿಗೆ ಸರಿಯಾಗಿ ಕೂರುತ್ತದೆ. ತಗಡಿನ ಚಕ್ರಗಳ ತೂತಿನ ಅಂಚು ತೆಳುವಾಗಿರುವುದರಿಂದ ರಿಂಗ್ ಜಾರಿ ಬೀಳಬಹುದು. ಹಗಲಿನಲ್ಲಿ ಒಮ್ಮೆ ಕೂರಿಸಿ ನೋಡಿರಿ.

ಈ ಸಂದರ್ಭದಲ್ಲಿ ಹೇಳಬೇಕಾದದ್ದು: 5×120 ಮತ್ತು 5×120.65 (ಐದು ಸ್ಟಡ್, ಮಿ.ಮೀ.ನಲ್ಲಿ ವ್ಯಾಸ) ಎಂಬ ಎರಡು ಪಿಸಿಡಿಗಳಿವೆ, ಮೊದಲನೆಯದು ಹಲವು ಬಿಎಂಡಬ್ಲ್ಯು ಕಾರುಗಳದು, ಎರಡನೆಯದು ಹಲವು ಕಾರ್ವೆಟ್‌ಗಳದು. ಒಂದರ ಚಕ್ರ ಇನ್ನೊಂದಕ್ಕೆ ಏರಿದಂತೆ ಕಾಣುತ್ತದೆ, ಆದರೆ ನಟ್‌ಗಳು ಓರೆಯಾಗಿ ಕೂರುತ್ತವೆ. ಇದನ್ನು ಓದುವ ಬೇರೆಯವರು ಅರ್ಧ ಮಿ.ಮೀ. ತಾನೇ ಎಂದು ಸುಮ್ಮನಾಗದಿರಲಿ.

ನಿಮ್ಮ ಕಾರಿನಲ್ಲಿ ನಟ್‌ಗಳನ್ನು ಎರಡು ರೀತಿಯಲ್ಲಿ ಪರೀಕ್ಷಿಸಬೇಕು. ಮೊದಲನೆಯದು ಅವು ಕೂರುವ ಆಕಾರ. ಕೆಲವು ಚಕ್ರಗಳಿಗೆ ಶಂಕುವಿನ ಆಕಾರದ ನಟ್ ಬೇಕು, ಕೆಲವಕ್ಕೆ ಗುಂಡಗಿನದು. ಒಂದರ ಕುಳಿಯಲ್ಲಿ ಇನ್ನೊಂದನ್ನು ಬಿಗಿದರೆ ತೆಳ್ಳಗಿನ ಒಂದು ಗೆರೆಯಷ್ಟೇ ತಾಗಿ, ಕಾರು ಓಡಿದಂತೆ ಸಡಿಲವಾಗುತ್ತದೆ. ಎರಡನೆಯದು ಆಳ. ಅಲಾಯ್ ಚಕ್ರಕ್ಕಿಂತ ಉಕ್ಕಿನ ಚಕ್ರ ಬಹಳ ತೆಳ್ಳಗಿರುತ್ತದೆ. ನಿಮ್ಮ ನಟ್‌ಗಳ ತುದಿ ಮುಚ್ಚಿದ್ದರೆ, ಚಕ್ರವನ್ನು ಒತ್ತಿ ಹಿಡಿಯುವ ಮೊದಲೇ ಸ್ಟಡ್‌ನ ತುದಿ ಒಳಗೆ ತಾಗಿ ನಿಲ್ಲಬಹುದು. ಸ್ಪ್ಯಾನರ್‌ಗೆ ಬಿಗಿಯಾದಂತೆ ಅನಿಸಿದರೂ ಚಕ್ರ ಅಲ್ಲಾಡುತ್ತಿರುತ್ತದೆ. ಸ್ಟಡ್‌ಗಳ ಬದಲು ಬೋಲ್ಟ್‌ಗಳಿರುವ ಕಾರುಗಳಲ್ಲಿ ಉದ್ದದ ಬೋಲ್ಟ್ ಹಬ್‌ನ ಹಿಂದಕ್ಕೆ ಚಾಚಿ ಬ್ರೇಕಿನ ಭಾಗಗಳಿಗೆ ತಗುಲುತ್ತದೆ. ಸ್ಟೆಪ್ನಿಗೆ ಬೇರೆಯೇ ನಟ್‌ಗಳು ಬೇಕಾದರೆ ಅವನ್ನು ಚೀಲದಲ್ಲಿ ಕಟ್ಟಿ ಚಕ್ರದ ಜೊತೆಗೇ ಇಡಿರಿ. ಕಳ್ಳತನ ತಡೆಯುವ ಲಾಕ್ ನಟ್ ಇದ್ದರೆ ಅದರ ಕೀಲಿಯೂ ಅದೇ ಚೀಲದಲ್ಲಿರಲಿ.

ಬಳಸಿದ ತಾತ್ಕಾಲಿಕ ಟೈರ್ ನೋಡಲು ಹೊಸದರಂತಿರುತ್ತದೆ, ಏಕೆಂದರೆ ಅದು ಓಡಿರುವುದೇ ಇಲ್ಲ. ಆದರೆ ರಬ್ಬರ್ ಡಿಕ್ಕಿಯಲ್ಲಿ ಮಲಗಿದ್ದರೂ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲಿನ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿರಿ: 2312 ಎಂದಿದ್ದರೆ ಅದು 2012ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ಮೀರಿದ್ದರೆ ರಿಮ್ ಇಟ್ಟುಕೊಂಡು ಟೈರ್ ಬದಲಿಸುವುದೇ ಲೇಸು. ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆಯನ್ನೂ ನಿಮ್ಮ ಕಾರಿನ ಆಕ್ಸಲ್ ಭಾರದ ಅರ್ಧದೊಂದಿಗೆ ಹೋಲಿಸಿರಿ. 99 ಎಂದರೆ 775 ಕಿಲೋ, 107 ಎಂದರೆ 975 ಕಿಲೋ. ಅದರ ಮುಂದೆ ಗಂಟೆಗೆ 130 ಕಿ.ಮೀ. ಸೂಚಿಸುವ ಎಂ ಅಕ್ಷರ ಕಂಡರೂ ಚಕ್ರದ ಮೇಲಿನ ಚೀಟಿಯಲ್ಲಿ 80 ಎಂದಿದ್ದರೆ 80ನ್ನೇ ಪಾಲಿಸಬೇಕು.

ಗಾಳಿ ಸಾಮಾನ್ಯವಾಗಿ 60 ಪಿಎಸ್‌ಐ, ಅಂದರೆ ನಿಮ್ಮ ಉಳಿದ ಟೈರುಗಳ ಸುಮಾರು ಎರಡರಷ್ಟು. ಈ ಒತ್ತಡ ತಿಂಗಳುಗಳಲ್ಲಿ ಇಳಿಯುತ್ತದೆ. ಕಾರಿನೊಂದಿಗೆ ಬಂದ ಕಂಪ್ರೆಸರನ್ನು ಬಿಸಾಡಬೇಡಿರಿ, ಸ್ಟೆಪ್ನಿಗೆ ಗಾಳಿ ತುಂಬಲು ಅದೇ ಬೇಕಾಗುತ್ತದೆ.

ಸ್ಟೆಪ್ನಿ ಇಲ್ಲದೆ ಬಂದ ಕಾರಿನಲ್ಲಿ ಜಾಕ್ ಮತ್ತು ವೀಲ್ ಸ್ಪ್ಯಾನರ್ ಕೂಡ ಹೆಚ್ಚಾಗಿ ಇರುವುದಿಲ್ಲ. ಇಷ್ಟು ತಗ್ಗಿನ ಕಾರು ಗಾಳಿ ಹೋದಾಗ ಇನ್ನೂ ಕೆಳಗಿಳಿಯುತ್ತದೆ, ಸಾಮಾನ್ಯ ಜಾಕ್ ಅಡಿಗೆ ಹೋಗುವುದೇ ಇಲ್ಲ. ಎರಡು ಬೆರಳು ದಪ್ಪದ ಹಲಗೆಯ ತುಂಡೊಂದನ್ನು ಇಟ್ಟುಕೊಂಡಿದ್ದರೆ, ಗಾಳಿ ಹೋದ ಚಕ್ರವನ್ನು ನಿಧಾನವಾಗಿ ಅದರ ಮೇಲೆ ಹತ್ತಿಸಿ ಜಾಕ್‌ಗೆ ಜಾಗ ಮಾಡಬಹುದು. ಒಮ್ಮೆ ಸಮತಟ್ಟಾದ ನೆಲದಲ್ಲಿ ನಾಲ್ಕೂ ಮೂಲೆಗಳಲ್ಲಿ ಸ್ಟೆಪ್ನಿಯನ್ನು ಹಾಕಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ, ಮುಂದೆ ಹಾಕಿದಾಗ ಸ್ಟಿಯರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ನೋಡಿರಿ. ನಿಜವಾಗಿ ಬಳಸುವ ದಿನ ನಟ್‌ಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ (ತಿರುಚುವ ಬಲದ ಅಳತೆಗೆ) ಬಿಗಿದು, ಐವತ್ತು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ಡ್ಯಾಶ್‌ಬೋರ್ಡಿನಲ್ಲಿ ಟೈರ್ ಒತ್ತಡದ ದೀಪ ಉರಿಯುತ್ತಲೇ ಇದ್ದರೆ ಗಾಬರಿ ಬೇಡ: ಸ್ಟೆಪ್ನಿಯೊಳಗೆ ಸೆನ್ಸರ್ ಇರುವುದಿಲ್ಲ.