ಕಿಮೋ ನಡೆಯುವಾಗ ಗ್ರೀನ್ ಟೀ ಕೊಡಬಹುದಾ? ಅನುಭವ ಇದ್ದವರು ಹೇಳಿ

ಸಿಂಧನೂರಿನಿಂದ:
ಅವ್ವನಿಗೆ 58 ವರ್ಷ. ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಎರಡು ಕಿಮೋ ಮುಗಿದಿವೆ. ಮೊನ್ನೆ ನೋಡಲು ಬಂದ ಮಾವ ಗ್ರೀನ್ ಟೀ ಪ್ಯಾಕೆಟ್ ತಂದರು, ಜೊತೆಗೆ ಅದರ ಸಾರದ ಮಾತ್ರೆ ಡಬ್ಬಿ. ‘ಇದು ಕ್ಯಾನ್ಸರ್ ಕಣ ಬೆಳೆಯಲು ಬಿಡಲ್ಲ, ಲ್ಯಾಬಿನಲ್ಲೇ ಸಾಬೀತಾಗಿದೆ’ ಅಂತ ವಾಟ್ಸಾಪಿನಲ್ಲಿ ವಿಡಿಯೋ ತೋರಿಸಿದರು. ಅವ್ವ ನಂಬಿಬಿಟ್ಟಿದ್ದಾಳೆ. ಕೊಡಲಾ, ಬೇಡವಾ?

ಬಳ್ಳಾರಿಯಿಂದ, ಬಯೋಕೆಮಿಸ್ಟ್ರಿ ಮೇಷ್ಟ್ರು:
ವಿಡಿಯೋ ಪೂರ್ತಿ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಗ್ರೀನ್ ಟೀಯಲ್ಲಿ ಕ್ಯಾಟೆಕಿನ್ ಅನ್ನುವ ಪದಾರ್ಥಗಳಿವೆ. ಅವುಗಳಲ್ಲಿ ಇಜಿಸಿಜಿ ಅನ್ನುವುದು ದೊಡ್ಡಣ್ಣ. ನಾವು ಕುಡಿಯುವ ಕಪ್ಪು ಚಹಾಪುಡಿ ಮಾಡುವಾಗ ಎಲೆ ಗಾಳಿಗೆ ಹುದುಗಿ ಇದು ಬಹುಪಾಲು ಬೇರೆ ರೂಪಕ್ಕೆ ತಿರುಗುತ್ತದೆ. ಹಸಿರು ಎಲೆಯನ್ನು ಬೇಗ ಬಿಸಿ ಮಾಡಿ ಒಣಗಿಸುವುದರಿಂದ ಉಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳ ಮೇಲೆ ಇದನ್ನು ಸುರಿದರೆ ಕಣ ಎರಡಾಗುವುದು ನಿಧಾನವಾಗುತ್ತದೆ, ಕೆಲವು ತಾವೇ ಸಾಯುತ್ತವೆ. ಇದು ನಿಜ.

ಆದರೆ ತಟ್ಟೆಗೆ ಎಷ್ಟು ಹಾಕುತ್ತಾರೆ ನೋಡಿ. ಎರಡು ಮೂರು ಕಪ್ ಕುಡಿದ ಮೇಲೆ ನಮ್ಮ ರಕ್ತದಲ್ಲಿ ಸಿಗುವುದು, ಎಷ್ಟು ಕರಗಿದೆ ಅನ್ನುವ ಅಳತೆಯಲ್ಲಿ, 1 ಮೈಕ್ರೋಮೋಲಾರ್‌ಗಿಂತ ಕಡಿಮೆ. ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 10ರಿಂದ 100. ಕರುಳಿನಿಂದ ರಕ್ತಕ್ಕೆ ದಾಟುವುದೇ ಸ್ವಲ್ಪ, ದಾಟಿದ್ದನ್ನೂ ದೇಹ ಬೇಗ ಬದಲಾಯಿಸಿ ಹೊರಗೆ ಕಳಿಸುತ್ತದೆ. ಇನ್ನೊಂದು ತಮಾಷೆ ಇದೆ. ಕಣ ಬೆಳೆಸುವ ದ್ರಾವಣದಲ್ಲಿ ಇಜಿಸಿಜಿ ತಾನೇ ಕೆಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಅದೇ. ಹಾಗಾಗಿ ಕಣ ಕೊಂದಿದ್ದು ಚಹಾವೋ ಆ ಪೆರಾಕ್ಸೈಡೋ ಅನ್ನುವ ಜಗಳ ಹಳೆಯದು.

ಮನುಷ್ಯರ ವಿಷಯಕ್ಕೆ ಬಂದರೆ, 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ ಕಾಕ್ರೇನ್‌ನವರು 142 ಅಧ್ಯಯನ, 11 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಮಾಡಿ ನೋಡಿದರು. ಗ್ರೀನ್ ಟೀ ಕ್ಯಾನ್ಸರ್ ತಡೆಯುತ್ತದೆ ಅಂತ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಅದೂ ಬರದಂತೆ ತಡೆಯುವ ಮಾತು. ಬಂದದ್ದನ್ನು ವಾಸಿ ಮಾಡುವ ಮಾತಲ್ಲ.

ಕೊಪ್ಪಳದಿಂದ:
ನಮ್ಮ ಅಪ್ಪನಿಗೆ ಮೈಲೋಮಾ, ಅದೊಂದು ರಕ್ತದ ಕ್ಯಾನ್ಸರ್. ಹೊಟ್ಟೆಯ ಚರ್ಮಕ್ಕೆ ಬೋರ್ಟೆಝೋಮಿಬ್ ಅನ್ನುವ ಔಷಧಿಯ ಇಂಜೆಕ್ಷನ್ ಕೊಡುತ್ತಿದ್ದರು. ನಾನೂ ನಿಮ್ಮ ಮಾವನ ಹಾಗೆ ಗ್ರೀನ್ ಟೀ ಮಾತ್ರೆ ತಂದುಕೊಟ್ಟೆ. ಡಾಕ್ಟರಿಗೆ ಹೇಳಲಿಲ್ಲ, ‘ಸುಮ್ನೆ ಚಹಾ ತಾನೇ’ ಅಂದುಕೊಂಡೆ. ಮೂರು ವಾರದ ಮೇಲೆ ಅಪ್ಪನೇ ಡಾಕ್ಟರ ಮುಂದೆ ಬಾಯಿಬಿಟ್ಟರು. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಆಮೇಲೆ ಗೊತ್ತಾಯಿತು. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಔಷಧಿಯ ಜೊತೆ ಇಜಿಸಿಜಿ ಕೊಟ್ಟು ನೋಡಿದ್ದರಂತೆ. ಬಲ ಹೆಚ್ಚುತ್ತದೆ ಅಂದುಕೊಂಡಿದ್ದರು, ಆಗಿದ್ದು ಉಲ್ಟಾ. ಔಷಧಿಯಲ್ಲಿರುವ ಬೋರಾನ್ ಭಾಗಕ್ಕೆ ಇಜಿಸಿಜಿ ಹೋಗಿ ಅಂಟಿಕೊಂಡಿತು. ಇಲಿಗಳಲ್ಲೂ, ತಟ್ಟೆಯ ಕಣಗಳಲ್ಲೂ ಔಷಧಿ ಹೆಚ್ಚುಕಡಿಮೆ ಕೆಲಸವನ್ನೇ ಮಾಡಲಿಲ್ಲ. ನಿಮ್ಮ ಅವ್ವನಿಗೆ ಕೊಡುತ್ತಿರುವುದು ಬೇರೆ ಔಷಧಿ ಇರಬಹುದು. ಆದರೂ ಡಬ್ಬಿ ತೆಗೆದುಕೊಂಡು ಹೋಗಿ ತೋರಿಸಿ. ಬಾಯಲ್ಲಿ ‘ಗ್ರೀನ್ ಟೀ’ ಅಂದರೆ ಅವರೂ ಕಪ್ ಚಹಾ ಅಂದುಕೊಳ್ಳುತ್ತಾರೆ.

ರಾಯಚೂರಿನಿಂದ:
ನನಗೆ ಕ್ಯಾನ್ಸರ್ ಇಲ್ಲ, ತೂಕ ಇಳಿಸಲು ಇದೇ ತರಹದ ಮಾತ್ರೆ ನುಂಗಿದವಳು. ಎರಡು ತಿಂಗಳಿಗೆ ಸುಸ್ತು, ಮೂತ್ರ ಹಳದಿ. ಬೇಸಿಗೆ, ನೀರು ಕಡಿಮೆ ಕುಡಿದೆ ಅಂದುಕೊಂಡೆ. ನಮ್ಮೂರ ಬಿಸಿಲು ಗೊತ್ತಲ್ಲ! ರಕ್ತ ಪರೀಕ್ಷೆ ಮಾಡಿಸಿದರೆ ಲಿವರ್ ಎನ್‌ಜೈಮ್ ಏರಿತ್ತು. ಮಾತ್ರೆ ಬಿಟ್ಟ ಮೇಲೆ ಇಳಿಯಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ: ಮಾತ್ರೆ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಲಿವರ್‌ಗೆ ತೊಂದರೆ ಆಗಬಹುದು. ಕಪ್ಪಿನಲ್ಲಿ ಸುಮಾರು 50ರಿಂದ 100 ಇರುತ್ತದೆ. ಕಿಮೋ ನಡೆಯುವಾಗ ಲಿವರ್ ಮೇಲೆ ಮೊದಲೇ ಹೊರೆ ಇರುತ್ತದೆ, ಅಲ್ವಾ?

ಗಂಗಾವತಿಯಿಂದ:
ಒಂದೇ ಮಾತು. ಕಪ್ ಚಹಾಕ್ಕೆ ಡಾಕ್ಟರ್ ಹ್ಞೂಂ ಅಂದರೂ ಊಟದ ಜೊತೆ ಕೊಡಬೇಡಿ. ರೊಟ್ಟಿ, ಪಲ್ಯ, ಬೇಳೆಯಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳುವುದನ್ನು ಚಹಾ ತಗ್ಗಿಸುತ್ತದೆ. ನಮ್ಮ ಅಕ್ಕನಿಗೆ ಕಿಮೋದಲ್ಲಿ ಹಿಮೋಗ್ಲೋಬಿನ್ ಎಂಟಕ್ಕೆ ಬಂದಿತ್ತು. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ ಅಂತ ಆಸ್ಪತ್ರೆಯಲ್ಲೇ ಹೇಳಿದ್ದರು.

ಸಿಂಧನೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಆಸ್ಪತ್ರೆಗೆ ಫೋನ್ ಮಾಡಿದೆ. ಮಾತ್ರೆ ಮುಟ್ಟಲೇಬೇಡಿ, ಡಬ್ಬಿ ತನ್ನಿ ಅಂದರು. ಮಾವನಿಗೆ ಬೇಜಾರಾಗಬಾರದು ಅಂತ ಅವ್ವ ಒಂದು ಕಪ್ ಚಹಾನಾದರೂ ಕುಡಿಯುತ್ತೇನೆ ಅಂದಳು. ಅದಕ್ಕೂ ಕೇಳಿದೆ, ದಿನಕ್ಕೆ ಒಂದು ಪರವಾಗಿಲ್ಲವಂತೆ. ಮಾಡಿಕೊಟ್ಟರೆ ಎರಡು ಗುಟುಕು ಕುಡಿದು, ‘ಇದರಾಗ ಹಾಲು ಎಲ್ಲದ?’ ಅಂತ ಲೋಟ ವಾಪಸ್ ಕೊಟ್ಟಳು. ಡಬ್ಬಿ ಆಸ್ಪತ್ರೆಯ ಚೀಲದಲ್ಲಿ ಇಟ್ಟಿದ್ದೇನೆ, ರಿಪೋರ್ಟ್ ಫೈಲಿನ ಪಕ್ಕ.