ಪದಚರ್ಚೆ: ‘ಕಟ್ಟಡದ ಶಕ್ತಿ’ ಮತ್ತು ‘ಹುದುಗಿದ ಇಂಗಾಲ’

ಹವಾಮಾನ ಬದಲಾವಣೆಯನ್ನು ಎದುರಿಸುವಲ್ಲಿ ಕಟ್ಟಡ ನಿಯಮಗಳ ಪಾತ್ರವನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಬಿಲ್ಡಿಂಗ್ ಎನರ್ಜಿ ರೆಗ್ಯುಲೇಷನ್ಸ್’ ಎಂಬುದಕ್ಕೆ ಮೊದಲ ಕರಡಿನಲ್ಲಿ ‘ಕಟ್ಟಡ ಶಕ್ತಿ ನಿಯಮಗಳು’ ಎಂದು ಬರೆದಿದ್ದೆ. ಕರಡನ್ನು ಓದಿದ ಸಿವಿಲ್ ಎಂಜಿನಿಯರ್ ಮಿತ್ರರೊಬ್ಬರು, ‘ಹೊಸ ಕಟ್ಟಡದ ಶಕ್ತಿ ನಿಗದಿತ ಮಿತಿಯನ್ನು ಮೀರಬಾರದು’ ಎಂಬ ವಾಕ್ಯದ ಕೆಳಗೆ ಗೆರೆ ಎಳೆದು, ‘ಕಟ್ಟಡ ಇನ್ನಷ್ಟು ಗಟ್ಟಿಯಾಗಿದ್ದರೆ ತಪ್ಪೇನು?’ ಎಂದು ಅಂಚಿನಲ್ಲಿ ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಭೌತಶಾಸ್ತ್ರದ ಪಾಠದಲ್ಲಿ ‘ಶಕ್ತಿ’ಗೆ ಒಂದೇ ಅರ್ಥವಿದ್ದರೂ, ಗೋಡೆ, ಕಂಬ, ತೊಲೆಗಳ ಪಕ್ಕದಲ್ಲಿ ಅದೇ ಪದ ಬಂದಾಗ ಕನ್ನಡದ ಕಿವಿಗೆ ಕೇಳಿಸುವುದು ಭಾರ ಹೊರುವ ಬಲವೇ.

ಆಡಳಿತ ಕನ್ನಡದಲ್ಲಿ ರೂಢಿಯಾಗಿರುವ ‘ಇಂಧನ’ವನ್ನು ಬಳಸೋಣವೆಂದರೆ ಅಲ್ಲಿ ಬೇರೆ ತೊಡಕಿದೆ. ಇಂಧನವೆಂದರೆ ಉರಿಸುವ ವಸ್ತು. ಆದರೆ ಈ ನಿಯಮಗಳು ಹೆಚ್ಚಾಗಿ ಮಾತನಾಡುವುದು ಉರಿಯುವುದರ ಬಗ್ಗೆಯಲ್ಲ, ಗೋಡೆ, ಚಾವಣಿ, ಕಿಟಕಿಗಳನ್ನು ದಾಟುವ ಶಾಖದ ಬಗ್ಗೆ. ಎರಡೂ ಬದಿಗೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಳಗಿನ ಮತ್ತು ಹೊರಗಿನ ಗಾಳಿಯ ನಡುವೆ ಒಂದು ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ, ಪ್ರತಿ ಚದರ ಮೀಟರಿನಲ್ಲಿ ಸುಮಾರು 2 ವ್ಯಾಟ್‌ನಷ್ಟು ಶಾಖ ದಾಟುತ್ತದೆ. ಅದೇ ಗೋಡೆಗೆ 5 ಸೆಂಟಿಮೀಟರ್ ದಪ್ಪದ ಉಷ್ಣನಿರೋಧಕ ಪದರ ಸೇರಿಸಿದರೆ ಅದು ಸುಮಾರು 0.5 ವ್ಯಾಟ್‌ಗೆ ಇಳಿಯುತ್ತದೆ. ನಿಯಮ ಮಿತಿ ಹಾಕುವುದು ಈ ಸಂಖ್ಯೆಗೆ. ಇದನ್ನು ‘ಇಂಧನ ನಿಯಮ’ ಎಂದರೆ ಓದುಗರಿಗೆ ಗೋಡೆ ಕಾಣಿಸುವುದಿಲ್ಲ, ಜನರೇಟರ್ ಕಾಣಿಸುತ್ತದೆ.

‘ಶಕ್ತಿಬಳಕೆ’ ಎಂದರೆ ಬಲದ ಅರ್ಥವೇನೋ ದೂರವಾಗುತ್ತದೆ. ಆದರೆ ಬಳಸುವವರು ನಿವಾಸಿಗಳು. ಅವರ ಮನೆಯಲ್ಲಿ ಫ್ಯಾನ್ ಎಷ್ಟು ಹೊತ್ತು ತಿರುಗಬೇಕೆಂದು ಸರ್ಕಾರ ಹೇಳಹೊರಟಿದೆ ಎಂಬ ಭಾವನೆ ಬರುತ್ತದೆ. ನಿಯಮ ಕಟ್ಟುವವರನ್ನು ಹೊಣೆಯಾಗಿಸುತ್ತದೆಯೇ ಹೊರತು ಒಳಗೆ ವಾಸಿಸುವವರನ್ನಲ್ಲ. ಆದ್ದರಿಂದ ‘ಕಟ್ಟಡದ ಶಕ್ತಿಬೇಡಿಕೆ’ ಎಂಬ ಪ್ರಯೋಗದ ಕಡೆಗೆ ನನ್ನ ಒಲವಿದೆ: ಬಿಸಿಲು ನೇರವಾಗಿ ಬೀಳುವ ದೊಡ್ಡ ಗಾಜಿನ ಗೋಡೆಯಿರುವ ಕಟ್ಟಡ, ಒಳಗೆ ಯಾರೇ ಇರಲಿ, ತಂಪಾಗಿರಲು ಹೆಚ್ಚು ಶಕ್ತಿಯನ್ನು ಬೇಡುತ್ತದೆ. ‘ರೆಗ್ಯುಲೇಷನ್’ಗೆ ‘ನಿಯಮ’ ಸಾಕು, ‘ಕೋಡ್’ಗೆ ‘ಸಂಹಿತೆ’ ಈಗಾಗಲೇ ಚಲಾವಣೆಯಲ್ಲಿದೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಎಂಬಾಡಿಡ್ ಕಾರ್ಬನ್’. ಸಿಮೆಂಟ್, ಉಕ್ಕು, ಗಾಜುಗಳನ್ನು ತಯಾರಿಸಿ, ಸಾಗಿಸಿ, ಕಟ್ಟುವಾಗ, ಮುಂದೆ ದುರಸ್ತಿ ಮಾಡಿ ಕೊನೆಗೆ ಕೆಡವುವಾಗ ಹೊರಬೀಳುವ ಹಸಿರುಮನೆ ಅನಿಲಗಳ ಲೆಕ್ಕ ಇದು. ಇದಕ್ಕೆ ‘ಹುದುಗಿದ ಇಂಗಾಲ’, ‘ಅಂತರ್ಗತ ಇಂಗಾಲ’ ಎಂಬ ಅನುವಾದಗಳನ್ನು ಕಂಡಿದ್ದೇನೆ. ಮೂಲ ಪದಕ್ಕೆ ಇವು ನಿಷ್ಠವಾಗಿಯೇ ಇವೆ, ಆದರೆ ಅರ್ಥವನ್ನು ತಲೆಕೆಳಗು ಮಾಡುತ್ತವೆ. ಹುದುಗಿದ್ದು ಒಳಗೇ ಇರುತ್ತದೆ, ಅದರಿಂದ ಗಾಳಿಗೆ ಅಪಾಯವಿಲ್ಲ. ಇಲ್ಲಿ ನಡೆದಿರುವುದಾದರೋ ಇದಕ್ಕೆ ವಿರುದ್ಧ: ಸುಣ್ಣದ ಕಲ್ಲು ಗೂಡಿನಲ್ಲಿ ಕಾದು ಸುಣ್ಣವಾಗುವಾಗ ಅದರ ಇಂಗಾಲದ ಡೈಆಕ್ಸೈಡ್ ಕಲ್ಲನ್ನು ಬಿಟ್ಟು ಹೊರಟೇಹೋಗಿದೆ. ಸಿಮೆಂಟ್ ತಯಾರಿಕೆಯ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಗೂಡಿನ ಬೆಂಕಿಯಿಂದಲ್ಲ, ಈ ಕಲ್ಲಿನಿಂದಲೇ ಬರುತ್ತದೆ. ಕಟ್ಟಡದಲ್ಲಿ ನಿಜವಾಗಿ ಹುದುಗಿರುವ ಇಂಗಾಲವೆಂದರೆ ಬಾಗಿಲು, ತೊಲೆ, ಜಂತಿಗಳ ಮರದಲ್ಲಿರುವುದು; ಅದು ಮರ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡದ್ದು. ಒಂದು ಖರ್ಚಿನ ಲೆಕ್ಕ, ಇನ್ನೊಂದು ಸಂಗ್ರಹದ ಲೆಕ್ಕ. ಎರಡಕ್ಕೂ ಒಂದೇ ಪದ ಅಂಟಿಕೊಂಡರೆ, ‘ಹುದುಗಿದ ಇಂಗಾಲವನ್ನು ಕಡಿಮೆ ಮಾಡಬೇಕು’ ಎಂಬ ವಾಕ್ಯವನ್ನು ಓದಿದವರು ಮರವನ್ನು ಬಿಟ್ಟು ಕಾಂಕ್ರೀಟನ್ನು ಆರಿಸಿಕೊಂಡಾರು.

ಇದು ಕೇವಲ ಸೂಕ್ಷ್ಮದ ಮಾತಲ್ಲ, ಏಕೆಂದರೆ ಈ ಪರಿಭಾಷೆ ಕಾನೂನಿನ ಒಳಗೆ ಬಂದಾಗಿದೆ. ಡೆನ್ಮಾರ್ಕ್ 2023ರಿಂದ 1,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳಿಗೆ ಜೀವನಚಕ್ರದ, ಅಂದರೆ ಸಾಮಗ್ರಿಯ ತಯಾರಿಕೆಯಿಂದ ಕೆಡವುವವರೆಗಿನ, ಲೆಕ್ಕದಲ್ಲಿ ಚದರ ಮೀಟರಿಗೆ ವರ್ಷಕ್ಕೆ 12 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಸಮಾನದ (ಎಲ್ಲ ಹಸಿರುಮನೆ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡ್‌ಗೆ ಸರಿದೂಗಿಸಿದ ಅಳತೆ) ಮಿತಿಯನ್ನು ಹಾಕಿತು. ಐರೋಪ್ಯ ಒಕ್ಕೂಟದ 2024ರ ನಿರ್ದೇಶನವು ಇಂಥದೇ ಲೆಕ್ಕವನ್ನು 2028ರಿಂದ ದೊಡ್ಡ ಹೊಸ ಕಟ್ಟಡಗಳಿಗೂ 2030ರಿಂದ ಎಲ್ಲ ಹೊಸ ಕಟ್ಟಡಗಳಿಗೂ ಕಡ್ಡಾಯ ಮಾಡುತ್ತದೆ. ಗೋಡೆಗಳ ನಿರೋಧಕತೆ ಸುಧಾರಿಸಿ, ವಿದ್ಯುತ್ತೂ ಶುದ್ಧವಾಗುತ್ತ ಹೋದಂತೆ, ಕಟ್ಟಡದ ಒಟ್ಟು ಹೊರಸೂಸುವಿಕೆಯಲ್ಲಿ ಈ ‘ಎಂಬಾಡಿಡ್ ಕಾರ್ಬನ್’ನ ಪಾಲೇ ದೊಡ್ಡದಾಗುತ್ತದೆ.

ಹೊರಸೂಸುವಿಕೆಗೆ ‘ನಿರ್ಮಾಣದ ಇಂಗಾಲವೆಚ್ಚ’ ಎಂದೂ, ಮರದಲ್ಲಿರುವುದಕ್ಕೆ ಮಾತ್ರ ‘ಹುದುಗಿದ ಇಂಗಾಲ’ ಎಂದೂ ಬೇರ್ಪಡಿಸಿ ಬರೆಯಬೇಕೆಂದಿದ್ದೇನೆ. ‘ವೆಚ್ಚ’ ಎಂದೊಡನೆ ಹಣವೇ ನೆನಪಾಗಬಹುದೆಂಬ ಅಳುಕಿದೆ. ದುರಸ್ತಿ ಮತ್ತು ಕೆಡವುವಿಕೆಯ ಪಾಲನ್ನು ‘ನಿರ್ಮಾಣ’ ಎಂಬ ಪದ ಒಳಗೊಳ್ಳುವುದಿಲ್ಲ ಎಂಬ ಕೊರತೆಯೂ ಇದೆ. ಕಟ್ಟಡದ ಹುಟ್ಟಿನಿಂದ ಅಳಿವಿನವರೆಗಿನ ಈ ವೆಚ್ಚವನ್ನು ಒಂದೇ ಮಾತಿನಲ್ಲಿ ಹಿಡಿಯುವ, ಕಟ್ಟಡ ಕೆಲಸದವರ ಬಾಯಲ್ಲಿ ನಿಲ್ಲುವ ಪದ ಯಾವುದಿದ್ದೀತು? ‘ಶಕ್ತಿಬೇಡಿಕೆ’ ಎಂಬ ಪದವನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದರೆ ಅದನ್ನೂ ತಿಳಿಸಬೇಕಾಗಿ ಕೋರುತ್ತೇನೆ.