ಸಹಾಯ ಬೇಕು: ವರ್ಚುವಲ್‌ಬಾಕ್ಸ್ ಮೂಲೆಯಲ್ಲಿ ಆಮೆ ಕೂತಿದೆ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಕೂಲಿ ಲೆಕ್ಕದ ಸಾಫ್ಟ್‌ವೇರ್‌ನವರು ಈಗ ವಿಂಡೋಸ್ 11 ಬೇಕೇ ಬೇಕು ಅನ್ನುತ್ತಿದ್ದಾರೆ. ನನ್ನ ಲ್ಯಾಪ್‌ಟಾಪ್ ಆರನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ವಿಂಡೋಸ್ 10. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಚೆನ್ನಾಗಿರುವ ಮಷೀನನ್ನು ಸುಮ್ನೆ ಎಸೆಯೋದು ಹೇಗೆ?

ಅದಕ್ಕೆ ಇರುವ ವಿಂಡೋಸ್ ಒಳಗೇ ಇನ್ನೊಂದು ವಿಂಡೋಸ್ ಓಡಿಸುವ ವರ್ಚುವಲ್‌ಬಾಕ್ಸ್ 7 ಹಾಕಿದೆ. ವಿಂಡೋಸ್ 11 ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್ ಇಳಿಸಲು ಎರಡು ರಾತ್ರಿ ಬೇಕಾಯಿತು, ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ವಾ. ಮೊದಲ ಸಲ 'ಈ ಪಿಸಿಯಲ್ಲಿ ಓಡುವುದಿಲ್ಲ' ಎಂದಿತು. ನೋಡಿದರೆ ವಿಂಡೋಸ್ 11 ಕೇಳುವ ಭದ್ರತಾ ಚಿಪ್, ಅಂದರೆ ಟಿಪಿಎಂ ಆಯ್ಕೆ ಖಾಲಿ ಇತ್ತು. ಟಿಪಿಎಂ 2.0, ಜೊತೆಗೆ ಬೂಟ್‌ಗೆ ಸಂಬಂಧಿಸಿದ ಇಎಫ್‌ಐ, ಸೆಕ್ಯೂರ್ ಬೂಟ್ ಆನ್ ಮಾಡಿ, ಎರಡು ಕೋರ್, 8 ಜಿಬಿ ರ‍್ಯಾಮ್, 80 ಜಿಬಿ ಡಿಸ್ಕ್ ಕೊಟ್ಟ ಮೇಲೆ ಇನ್‌ಸ್ಟಾಲ್ ಆಯಿತು.

ಆದರೆ ವಿಪರೀತ ನಿಧಾನ. ಸ್ಟಾರ್ಟ್ ಮೆನು ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆ. ವಿಂಡೋಸ್‌ನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಅಡ್ಡ ಕೂತಿರುವುದರಿಂದ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ವಿಟಿ-ಎಕ್ಸ್ ನೇರವಾಗಿ ಸಿಗುತ್ತಿಲ್ಲ ಅಂತ ಅದರ ಅರ್ಥ. ವಿಂಡೋಸ್ ಫೀಚರ್‌ಗಳಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಎರಡನ್ನೂ ತೆಗೆದು ರೀಸ್ಟಾರ್ಟ್ ಮಾಡಿದೆ. ಆಮೆ ಹೋಗಲಿಲ್ಲ.

ಉಳಿದಿರುವುದು ಮೆಮೊರಿ ಇಂಟೆಗ್ರಿಟಿ, ಹೈಪರ್-ವಿಯನ್ನೇ ಬಳಸುವ ವಿಂಡೋಸ್‌ನ ಭದ್ರತಾ ಆಯ್ಕೆ. ಅದನ್ನು ಆಫ್ ಮಾಡಲು ಭಯ, ಯಾಕೆಂದರೆ ಹೊರಗಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ. ಆಫ್ ಮಾಡಲೇ, ಇಲ್ಲಾ ಹೊರಗೆ ವಿಂಡೋಸ್ 10 ಬದಲು ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಹಾಕಿ ಅದರೊಳಗೆ 11 ಓಡಿಸಲೇ? ಮಾಡಿ ನೋಡಿದವರು ದಯವಿಟ್ಟು ಹೇಳಿ. ರೊಬಸ್ಟಾ ಕೊಯ್ಲು ಶುರುವಾಗುವ ಮೊದಲು ಲೆಕ್ಕ ಸರಿಯಾಗಬೇಕು.